ಹಸೆಗೋಡೆಯನ್ನು ಕಾಲೇಜಿಗೆ ತರುವ ಬಗೆ

ಕಾಲೇಜುಗಳಲ್ಲಿ ವರ್ಷಕ್ಕೊಮ್ಮೆ ಕಲೋತ್ಸವ ನಡೆಯುವುದೂ, ಅದಕ್ಕೆ ಊರವರು ಬಂದು ನೋಡಿ ಹೋಗುವುದೂ ಎಲ್ಲರೂ ಬಲ್ಲ ಸಂಗತಿ. ಉತ್ಸವಕ್ಕೆ ಅಲಂಕಾರವೆಂದರೆ ಸಾಮಾನ್ಯವಾಗಿ ಏನು ನಡೆಯುತ್ತದೆಂಬುದನ್ನೂ ನಾವು ಬಲ್ಲೆವು. ಹಿಂದಿನ ದಿನ ಸಂಜೆ ಇಬ್ಬರು ಸಾಗರದ ಪೇಟೆಗೆ ಹೋಗಿ ಥರ್ಮೊಕೋಲಿನ ಹಾಳೆ, ಬಣ್ಣದ ಕಾಗದ, ಮುದ್ರಿಸಿದ ಫ್ಲೆಕ್ಸ್ ಹಲಗೆ ಇವುಗಳನ್ನು ತರುವರು. ರಾತ್ರಿ ಹನ್ನೊಂದರವರೆಗೆ ಅಂಟಿಸುವರು. ಮೂರನೆಯ ದಿನ ಅವೆಲ್ಲವೂ ಕಾಲೇಜಿನ ಹಿಂದಿನ ಗುಂಡಿಗೆ ಬೀಳುವುವು. ನಮ್ಮ ರಾಜ್ಯ ಸರಕಾರವು ೨೦೧೬ರ ಮಾರ್ಚ್ ತಿಂಗಳಲ್ಲಿಯೇ ಫ್ಲೆಕ್ಸ್ ಮೊದಲಾದ ಪ್ಲಾಸ್ಟಿಕ್ ಪದಾರ್ಥಗಳನ್ನು ನಿಷೇಧಿಸಿ ಆಜ್ಞೆ ಹೊರಡಿಸಿತೆಂಬುದು ಆ ಗುಂಡಿಗೆ ಇನ್ನೂ ತಿಳಿದಂತಿಲ್ಲ!

ಈ ವರ್ಷ ನಮ್ಮ ತಂಡದವರು ಅಲಂಕಾರವನ್ನು ಬೇರೆ ರೀತಿಯಲ್ಲಿ ಮಾಡಿದೆವು. ತಾಳಗುಪ್ಪದ ಸುತ್ತಿನ ಹಳ್ಳಿಗಳಿಂದ ಬರುವ ವಿದ್ಯಾರ್ಥಿಗಳೇ ತಂಡದಲ್ಲಿ ಹೆಚ್ಚು ಮಂದಿ ಇದ್ದುದರಿಂದ ಮಣ್ಣು, ಬಿದಿರು, ಅಡಕೆಯ ದಬ್ಬೆ, ಅಕ್ಕಿಹಿಟ್ಟು ಇವುಗಳಿಗೆ ಕೊರತೆಯಿರಲಿಲ್ಲ. ಆದರೆ ಪದಾರ್ಥ ದೊರೆತ ಮಾತ್ರಕ್ಕೆ ಕೆಲಸ ಆಗುವುದಿಲ್ಲ. ಅದರ ಕ್ರಮವನ್ನು, ವಿಶೇಷವಾಗಿ ಹಸೆಗೋಡೆಯೊಂದನ್ನು ಕಾಲೇಜಿಗೆ ತರುವುದರಲ್ಲಿರುವ ತೊಡಕನ್ನು ಸಹಪಾಠಿಗಳಿಗೆ ವಿವರಿಸುವುದು ಈ ಲೇಖನದ ಉದ್ದೇಶ.

ಒಂದು ಸ್ಥಳವನ್ನೇ ಕೃತಿಯನ್ನಾಗಿ ಮಾಡಿ, ನೋಡುವವನು ಅದರೊಳಗೆ ಅಥವಾ ಅದರ ಸುತ್ತ ನಡೆದಾಡಿ ಅನುಭವಿಸುವಂತೆ ಕಟ್ಟುವ ಕಲೆಗೆ ಇಂಗ್ಲಿಷಿನವರು ಇನ್‌ಸ್ಟಲೇಶನ್ ಎನ್ನುವರು. ಕನ್ನಡದಲ್ಲಿ ಪ್ರತಿಷ್ಠಾಪನ ಕಲೆ ಎಂದು ಬಳಕೆಗೆ ಬಂದಿದೆ. ಕೇಳಿದೊಡನೆ ಗಣಪತಿಯ ನೆನಪಾಗುವುದರಿಂದ ನಾನು ಸುಮ್ಮನೆ ಕಟ್ಟೋಣ ಎನ್ನುತ್ತೇನೆ. ಜರ್ಮನಿಯ ಹ್ಯಾನೋವರ್ ನಗರದಲ್ಲಿ ಕುರ್ಟ್ ಶ್ವಿಟರ್ಸ್ ಎಂಬ ಕಲಾವಿದನು ೧೯೨೩ರ ಸುಮಾರಿನಿಂದ ತನ್ನ ಮನೆಯ ಕೋಣೆಗಳನ್ನೇ ಇಂಥ ಕೃತಿಯಾಗಿ ಬೆಳೆಸುತ್ತ ಹೋದನು. ೧೯೪೩ರಲ್ಲಿ ಬಾಂಬಿನ ದಾಳಿಗೆ ಅದು ನಾಶವಾಯಿತು. ನಮ್ಮ ನೆರೆಯ ಕೊಚ್ಚಿಯಲ್ಲಿ ೨೦೧೨ರ ಡಿಸೆಂಬರಿನಲ್ಲಿ ಆರಂಭವಾದ ಬಿಯೆನಾಲೆಯಿಂದ ಈ ಕಲೆ ನಮ್ಮ ಕಡೆಯವರಿಗೂ ಪರಿಚಿತವಾಗಿದೆ. ಅದಿರಲಿ. ನಾಲ್ಕು ಕಂಬ ನೆಟ್ಟು ಮಾವಿನ ತೋರಣ ಕಟ್ಟಿದೊಡನೆ ಗದ್ದೆಯ ಬಯಲೇ ರಂಗಸ್ಥಳವಾಗುವುದನ್ನು ಕಂಡು ಬೆಳೆದ ನಮಗೆ ಇದರಲ್ಲಿ ಹೊಸದೆಂದರೆ ಹೆಸರು ಮಾತ್ರ.

ನಮ್ಮ ಕೆಲಸಕ್ಕೆ ಹೆಚ್ಚು ಹತ್ತಿರವಾದ ಉದಾಹರಣೆಯೊಂದು ನಮ್ಮ ದೇಶದ ಚರಿತ್ರೆಯಲ್ಲಿಯೇ ಇದೆ. ಕಾಂಗ್ರೆಸ್ಸಿನ ಅಧಿವೇಶನವು ಮೊಟ್ಟಮೊದಲು ಹಳ್ಳಿಯೊಂದರಲ್ಲಿ ನೆರೆದುದು ೧೯೩೬ರ ಡಿಸೆಂಬರಿನಲ್ಲಿ, ಖಾನದೇಶದ ಫೈಜಪುರದಲ್ಲಿ. ಅಲ್ಲಿಯ ಮಂಟಪಗಳನ್ನು ರೂಪಿಸುವ ಹೊಣೆಯನ್ನು ಗಾಂಧೀಜಿಯವರು ಶಾಂತಿನಿಕೇತನದ ನಂದಲಾಲ ಬೋಸರಿಗೆ ವಹಿಸಿದರು. ಪಟ್ಟಣದಿಂದ ಜರತಾರಿ, ಬಣ್ಣದ ಬಟ್ಟೆ ತರಿಸದೆ ಆ ಸೀಮೆಯಲ್ಲಿಯೇ ದೊರೆಯುವ ಬಿದಿರು, ಹುಲ್ಲುಗಳಿಂದ ಕೆಲಸ ನಡೆಯಿತು. ಒಂದು ವರ್ಷ ಕಳೆದು ೧೯೩೮ರ ಫೆಬ್ರವರಿಯಲ್ಲಿ ಗುಜರಾತಿನ ಹರಿಪುರದಲ್ಲಿ ಅಧಿವೇಶನ ಸೇರಿದಾಗ ನಂದಲಾಲರೂ ಅವರ ಶಿಷ್ಯರೂ ಕೂಡಿ ಸುಮಾರು ೪೦೦ ಚಿತ್ರಫಲಕಗಳನ್ನು ಬರೆದರು. ಕೈಕಾಗದದ ಮೇಲೆ, ಮಣ್ಣಿನ ಬಣ್ಣಗಳಲ್ಲಿ. ಮದ್ದಳೆ ಬಾರಿಸುವವನು, ಅರಿವೆ ಹೊಲಿಯುವವನು, ಅಕ್ಕಿ ಕುಟ್ಟುವ ಹೆಂಗಸು ಇಂಥವರೇ ಅವುಗಳಲ್ಲಿದ್ದರು. ಅಧಿವೇಶನಕ್ಕೆ ನಡೆದು ಬಂದ ರೈತನು ದಾರಿಯಲ್ಲಿ ತನ್ನಂಥವರನ್ನೇ ಕಂಡನು. ಕಲೋತ್ಸವದ ಅಲಂಕಾರವೆಂದರೆ ಏನೆಂದು ಯಾರಾದರೂ ಕೇಳಿದರೆ ನಾನು ಹರಿಪುರವನ್ನು ತೋರಿಸುವೆನು.

ಇನ್ನು ಕೆಲಸದ ವಿಷಯ. ಹಸೆಗೋಡೆ ಎಂಬುದು ಮನೆಯ ಗೋಡೆ. ನಮ್ಮ ಸಾಗರ, ಸೊರಬ, ಹೊಸನಗರದ ಸೀಮೆಯಲ್ಲಿ ದೀವರ ಮನೆಗಳಲ್ಲಿ ಮದುವೆ ಬಂದಾಗ ಹೆಂಗಸರು ಕೆಮ್ಮಣ್ಣು ಬಳಿದ ಗೋಡೆಯ ಮೇಲೆ ಚಿತ್ತಾರ ಬರೆಯುವರು. ಅದರ ಮುಂದೆ ಮದುಮಕ್ಕಳನ್ನು ಕೂರಿಸುವರು. ಗೋಡೆಯನ್ನು ಕಿತ್ತು ತರಲಾಗದಷ್ಟೆ. ಆದುದರಿಂದ ಗೋಡೆಯ ಗುಣವುಳ್ಳ ಬೇರೊಂದು ವಸ್ತು ಬೇಕು. ಅದಕ್ಕೆ ಬಿದಿರಿನ ತಡಿಕೆಗಿಂತ ಉತ್ತಮವಾದುದಿಲ್ಲ. ಹಿಂದೆ ಬಡವರ ಮನೆಗಳ ಒಳಗೋಡೆಗಳೇ ತಡಿಕೆಗೆ ಮಣ್ಣು ಮೆತ್ತಿದವಾಗಿದ್ದುವು.

ತಡಿಕೆಗೆ ಎಳೆಯ ಬಿದಿರು ಕೂಡದು. ಮೂರು ವರ್ಷ ದಾಟಿದ ಗಳವನ್ನು ಮಳೆಗಾಲ ಕಳೆದ ಮೇಲೆ ಕಡಿಯಬೇಕು. ಬಿದಿರಿನೊಳಗೆ ಹಿಟ್ಟಿನ ಅಂಶವಿರುವುದರಿಂದಲೇ ಅದಕ್ಕೆ ಹುಳು ಹಿಡಿಯುವುದು; ಚಿಗುರುವ ಕಾಲ ಮುಗಿದ ಬಲಿತ ಗಳದಲ್ಲಿ ಆ ಅಂಶ ಕಡಿಮೆ. ಕಡಿದ ಗಳವನ್ನು ಹರಿಯುವ ಹಳ್ಳದಲ್ಲಿ ಕೆಲವು ವಾರ ಮುಳುಗಿಸಿಟ್ಟರೆ ಉಳಿದುದೂ ಬಹುಮಟ್ಟಿಗೆ ನೀರಿನಲ್ಲಿ ಹೋಗುತ್ತದೆ. ನಮ್ಮ ಹಿರಿಯರು ಕೊಟ್ಟಿಗೆಯ ಬಿದಿರನ್ನು ಹಳ್ಳಕ್ಕೆ ಹಾಕುತ್ತಿದ್ದುದರ ಕಾರಣ ಇದೇ. ಕಾಡಿನ ಮೆಳೆಗೆ ಕತ್ತಿ ಹಾಕತಕ್ಕದ್ದಲ್ಲ. ಹಿತ್ತಲಿನಲ್ಲಿ ಬಿದಿರುಮೆಳೆ ಇರುವವರು ಕೇಳಿದರೆ ಇಲ್ಲವೆನ್ನುವುದಿಲ್ಲ.

ಸೀಳಿದ ದಬ್ಬೆಗಳನ್ನು ಒಂದರ ಮೇಲೊಂದು ಹಾಯಿಸಿ ಹೆಣೆದು, ನಾಲ್ಕು ಅಂಚಿಗೂ ಇಡೀ ಗಳ ಬಿಗಿಯಬೇಕು. ಹಿಂಬದಿಗೆ ಮೂಲೆಯಿಂದ ಮೂಲೆಗೆ ಒಂದು ಗಳವನ್ನು ಓರೆಯಾಗಿ ಕಟ್ಟದಿದ್ದರೆ ಚೌಕವು ಎತ್ತುವಾಗ ಜೋಲಿ ಹೊಡೆದು ಮಣ್ಣೆಲ್ಲ ಉದುರುತ್ತದೆ. ನಾಲ್ಕು ಬದಿಯ ಆಕೃತಿ ಬಾಗುವುದು, ಮೂರು ಬದಿಯದು ಬಾಗದು. ಪ್ರೌಢಶಾಲೆಯ ರೇಖಾಗಣಿತವು ಉಪಯೋಗಕ್ಕೆ ಬರುವ ಸ್ಥಳಗಳಲ್ಲಿ ಇದೂ ಒಂದು.

ತೂಕದ ಲೆಕ್ಕವನ್ನು ಮೊದಲೇ ಹಾಕಿಕೊಳ್ಳಬೇಕು. ಆರಡಿ ಉದ್ದ, ನಾಲ್ಕಡಿ ಅಗಲದ ತಡಿಕೆಗೆ ಒಂದು ಅಂಗುಲ ದಪ್ಪ ಮಣ್ಣು ಮೆತ್ತಿದರೆ ಎರಡು ಘನ ಅಡಿ ಮಣ್ಣಾಯಿತು. ಒಣಗಿದ ಮೇಲೂ ಅದು ಹೆಚ್ಚುಕಡಿಮೆ ೯೦ ಕಿಲೋ ತೂಗುತ್ತದೆ. ಅರ್ಧ ಅಂಗುಲಕ್ಕೆ ನಿಲ್ಲಿಸಿದರೆ ಅದರರ್ಧ. ನಾವು ದೊಡ್ಡದೊಂದರ ಬದಲು ಮೂರು ಸಣ್ಣ ತಡಿಕೆಗಳನ್ನು ಮಾಡಿ ಸಭಾಂಗಣದಲ್ಲಿ ಒಂದರ ಪಕ್ಕ ಒಂದನ್ನು ನಿಲ್ಲಿಸಿದೆವು. ಈ ಉಪಾಯ ಹೆಗ್ಗೋಡಿನದು. ಕೆ. ವಿ. ಸುಬ್ಬಣ್ಣನವರು ೧೯೪೯ರಲ್ಲಿ ಗೆಳೆಯರೊಡನೆ ಕಟ್ಟಿದ ನೀನಾಸಂ ಸಂಸ್ಥೆಯು ೧೯೮೫ರಿಂದ ತಿರುಗಾಟವೆಂಬ ನಾಟಕ ತಂಡವನ್ನು ಊರೂರಿಗೆ ಕಳುಹಿಸುತ್ತ ಬಂದಿದೆಯಷ್ಟೆ. ಇಂದು ಈ ಊರಿನಲ್ಲಿ, ನಾಳೆ ಇನ್ನೊಂದು ಊರಿನಲ್ಲಿ ಆಡುವ ಆ ತಂಡದ ರಂಗಸಜ್ಜು ಬಿಚ್ಚಿ, ಗಾಡಿಗೇರಿಸಿ, ಮತ್ತೆ ಕಟ್ಟುವಂತೆ ಇರಲೇಬೇಕು. ಕಟ್ಟುವಾಗಲೇ ಬಿಚ್ಚುವುದನ್ನು ಯೋಚಿಸತಕ್ಕದ್ದೆಂಬುದು ಅದನ್ನು ನೋಡಿದವರಿಗೆ ತಿಳಿಯುತ್ತದೆ.

ಮೆತ್ತುವುದಕ್ಕೆ ಹುತ್ತದ ಮಣ್ಣು ಶ್ರೇಷ್ಠ. ಗೆದ್ದಲು ಅದನ್ನು ಮೊದಲೇ ಜರಡಿ ಹಿಡಿದಷ್ಟು ನುಣ್ಣಗೆ ಮಾಡಿಟ್ಟಿರುತ್ತದೆ. ಬರಿಯ ಜಿಗಟು ಮಣ್ಣು ಒಣಗುವಾಗ ಕುಗ್ಗಿ ಬಿರಿಯುತ್ತದೆ. ಬೆರಳುದ್ದಕ್ಕೆ ಕತ್ತರಿಸಿದ ಭತ್ತದ ಹುಲ್ಲನ್ನು ಬೆರೆಸಿ ತುಳಿದು ಒಂದು ರಾತ್ರಿ ನೆನೆಯಬಿಟ್ಟರೆ, ಹುಲ್ಲಿನ ಎಳೆಗಳು ಮಣ್ಣನ್ನು ಎಲ್ಲ ಕಡೆಗೂ ಹಿಡಿದುಕೊಳ್ಳುವುದರಿಂದ ದೊಡ್ಡ ಬಿರುಕು ಬರುವುದಿಲ್ಲ. ಎರಡನೆಯ ಮೆತ್ತಿಗೆಗೆ ಸಗಣಿ ಕೂಡಿಸಬೇಕು. ಒಣಗಿಸುವುದು ನೆರಳಿನಲ್ಲಿ. ಬಿಸಿಲಿಗಿಟ್ಟರೆ ಮೇಲುಪದರ ಮೊದಲು ಒಣಗಿ ಒಳಪದರ ಹಸಿಯಾಗಿಯೇ ಉಳಿದು ಸಿಪ್ಪೆಯಂತೆ ಏಳುತ್ತದೆ. ಆತುರಗಾರರಿಗೆ ಹೇಳಿದ ಕೆಲಸವಲ್ಲ ಇದು. ಚಳಿಗಾಲದಲ್ಲಿ ಒಂದು ವಾರವೇ ಹಿಡಿಯಿತು. ಕೊನೆಗೆ ಕೆಮ್ಮಣ್ಣಿನ ನೀರು. ಅದನ್ನು ಹಣ ಕೊಟ್ಟು ತರಬೇಕಾದ ಊರು ನಮ್ಮ ತಾಲ್ಲೂಕಿನಲ್ಲಿ ಇರಲಾರದು.

ಚಿತ್ತಾರದ ಬಣ್ಣಗಳು ನಾಲ್ಕೇ: ನೆಲದ ಕೆಂಪು, ಅಕ್ಕಿಯ ಬಿಳುಪು, ಕಪ್ಪು, ಹಳದಿ. ಅಕ್ಕಿಯನ್ನು ರಾತ್ರಿ ನೆನೆಸಿಟ್ಟು ಒರಳಿನಲ್ಲಿ ನುಣ್ಣಗೆ ಅರೆದು ತೆಳುಮಾಡಿದರೆ ಬಿಳಿಯ ಬಣ್ಣ. ಅದೇ ಅಕ್ಕಿಯನ್ನು ಕರಿಕಾಗುವವರೆಗೆ ಹುರಿದು ಅರೆದರೆ ಕಪ್ಪು. ಗುರಿಗೆ ಕಾಯಿಯ ಬೀಜದಿಂದ ಹಳದಿ. ಅಂಟು ಬೇರೆ ಬೇಡ. ಅಕ್ಕಿಯ ಹಿಟ್ಟೇ ಅಂಟು. ಇದರಲ್ಲೊಂದು ವಿಚಿತ್ರವುಂಟು. ಬರೆಯುವಾಗ ಅಕ್ಕಿಯ ಗೆರೆ ಸರಿಯಾಗಿ ಕಾಣುವುದೇ ಇಲ್ಲ, ನೀರಿನ ಗೆರೆಯಂತೆ ಮಸುಕಾಗಿರುತ್ತದೆ. ಒಣಗಿದ ಮೇಲೆ ಬೆಳ್ಳಗೆ ಎದ್ದು ನಿಲ್ಲುತ್ತದೆ. ಆದುದರಿಂದ ಬರೆಯುವವರು ಕಣ್ಣಿಗಿಂತ ಹೆಚ್ಚಾಗಿ ಕೈಯನ್ನು ನಂಬಬೇಕು. ಸೀಸದ ಕಡ್ಡಿಯಿಂದ ಮೊದಲು ಗುರುತು ಹಾಕಿ ಅದರ ಮೇಲೆ ಬರೆಯುವ ನಮ್ಮ ರೂಢಿ ಆ ಹೆಂಗಸರಲ್ಲಿಲ್ಲ. ಪುಂಡಿಯ ನಾರನ್ನು ಸಣ್ಣ ಕಟ್ಟಾಗಿ ಬಿಗಿದ ಕುಂಚವೇ ಸಾಧನ. ಅಂಗಡಿಯ ಮೆತ್ತನೆಯ ಕುಂಚವು ಬಣ್ಣವನ್ನು ಹೆಚ್ಚು ಕುಡಿದು ಗೆರೆಯ ಆರಂಭದಲ್ಲಿ ಉಗುಳುತ್ತದೆ. ನಾರಿನದು ಮೊದಲಿನಿಂದ ಕೊನೆಯವರೆಗೆ ಒಂದೇ ಸಮನಾಗಿ ಬಿಡುತ್ತದೆ. ಒಂದರ ಪಕ್ಕ ಒಂದು ಹತ್ತಾರು ಎಳೆಗಳು ತಾಗದಂತೆ ಓಡಬೇಕಾದ ಕಡೆ ಈ ವ್ಯತ್ಯಾಸ ಸಣ್ಣದಲ್ಲ.

ಇಷ್ಟರವರೆಗಿನದು ಪುಸ್ತಕದಲ್ಲಿಯೂ ಬರೆದು ಕಲಿಸಬಹುದಾದ ವಿಷಯ. ಇನ್ನು ಮುಂದಿನದು ಹಾಗಲ್ಲ.

ತಡಿಕೆಗಳು ಸಿದ್ಧವಾದ ಮೇಲೆ ಚಿತ್ತಾರ ಕಲಿಸಿಕೊಡಬೇಕೆಂದು ಕೇಳಲು ನಾವು ನಾಲ್ವರು, ತಾಳಗುಪ್ಪಕ್ಕೆ ಸಮೀಪದ ಒಂದು ಹಳ್ಳಿಗೆ, ನಮ್ಮ ತರಗತಿಯ ವಿದ್ಯಾರ್ಥಿನಿಯೊಬ್ಬಳ ಅಜ್ಜಿಯ ಬಳಿಗೆ ಹೋದೆವು. ಹಸೆ ಬರೆದುಕೊಡಬೇಕೆಂದು ಮೊಮ್ಮಗಳು ಕೇಳಿದೊಡನೆ ಆಕೆ, "ಯಾರ್ ಮದ್ವೆ ತಂಗೀ?" ಎಂದರು. ಮದುವೆಯಲ್ಲ, ಕಾಲೇಜಿನಲ್ಲಿ ಹಬ್ಬ ಎಂದಳು ಈಕೆ. "ಹಬ್ಬಕ್ಕೆ ಹಸೆ ಯಾರ್ ಬರೀತಾರೆ?" ಎಂದು ಅಜ್ಜಿ ಎಲೆ ಅಡಕೆಯ ತಟ್ಟೆಯನ್ನು ನಮ್ಮ ಕಡೆಗೆ ಸರಿಸಿದರು. ಬೇಡವೆನ್ನಲಿಲ್ಲ, ಆಗಲಿ ಎನ್ನಲೂ ಇಲ್ಲ.

ಹಿಂದಿರುಗುವಾಗ ನಮ್ಮೊಳಗೆ ವಾದವಾಯಿತು. ಚಿತ್ತಾರವನ್ನು ಈಗ ಕಾಗದದ ಮೇಲೆ, ಬಟ್ಟೆಯ ಮೇಲೆ ಬರೆದು ಮಾರುವರು. ಬರೆದವರಿಗೆ ನಾಲ್ಕು ಕಾಸು ಬರುವುದು, ಅದರಲ್ಲಿ ದೋಷವೇನೆಂದು ಒಬ್ಬನು ಕೇಳಿದನು. ದೋಷವಿಲ್ಲವೆಂದೇ ನನ್ನ ಅಭಿಪ್ರಾಯವೂ. ಸಿಮೆಂಟಿನ ಗೋಡೆಗಳು ಬಂದು ಮಣ್ಣಿನ ಗೋಡೆಗಳು ಕಡಿಮೆಯಾದ ಮೇಲೆ ಕಾಗದವೂ ಇಲ್ಲದಿದ್ದರೆ ಎಷ್ಟೋ ಕೈಗಳು ಬರೆಯುವುದನ್ನೇ ಬಿಡುತ್ತಿದ್ದುವು. ಆದರೆ ಕಾಗದದ ಮೇಲೆ ಯಾವುದನ್ನು ಬರೆಯಬೇಕು, ಯಾವುದನ್ನು ಬಿಡಬೇಕು ಎಂದು ತೀರ್ಮಾನಿಸಿದವರು ಬರೆಯುವವರೇ. ನಾವಾದರೋ ತಡಿಕೆಯ ಅಳತೆಯನ್ನೂ ಉತ್ಸವದ ತಾರೀಖನ್ನೂ ಮೊದಲೇ ನಿಶ್ಚಯಿಸಿ ಅಜ್ಜಿಯ ಬಳಿಗೆ ಹೋಗಿದ್ದೆವು. ಅಂತರ್ಜಾಲದಲ್ಲಿ ಚಿತ್ರಗಳಿವೆ, ನೋಡಿಕೊಂಡು ನಾವೇ ಬರೆಯೋಣವೆಂದೂ ಒಂದು ಸಲಹೆ ಬಂತು. ಅಜ್ಜಿಯ ಮೊಮ್ಮಗಳು ಅದಕ್ಕೆ ಒಪ್ಪಲಿಲ್ಲ.

ನಾಲ್ಕು ದಿನ ಬಿಟ್ಟು ಅಜ್ಜಿಯೇ ಹೇಳಿ ಕಳುಹಿಸಿದರು. ಬಂದು, ಮೂರು ತಡಿಕೆಗಳನ್ನೂ ಕೈಯಿಂದ ತಟ್ಟಿ ನೋಡಿ, ಕೆಲಸ ಆರಂಭಿಸಿದರು. ಹೊರಗಿನ ಚೌಕ, ಅದರ ಎಳೆಗಳು, ಬದಿಯ ಏಣಿ, ಮೇಲಿನ ಹಕ್ಕಿಗಳು ಇವಿಷ್ಟನ್ನು ಅವರೂ ಅವರಿಂದ ಕಲಿತ ಆರು ವಿದ್ಯಾರ್ಥಿನಿಯರೂ ಎರಡು ದಿನದಲ್ಲಿ ಬರೆದರು. ಮದುವೆಯ ಹಸೆಯಲ್ಲಿ ನಡುವೆ ದಂಡಿಗೆಯೂ ಮದುಮಕ್ಕಳೂ ಇರುವರು. ಅಜ್ಜಿ ಆ ಸ್ಥಳಕ್ಕೆ ಕುಂಚ ಹಾಕಲಿಲ್ಲ. ಮದುವೆ ಇಲ್ಲದ ಮೇಲೆ ಮದುಮಕ್ಕಳೆಲ್ಲಿಂದ ಬರಬೇಕು? ನಡುವಿನ ತಡಿಕೆಯ ಮಧ್ಯಭಾಗವು ಬರಿಯ ಕೆಮ್ಮಣ್ಣಾಗಿಯೇ ಉಳಿಯಿತು. ಉತ್ಸವದ ಮೂರು ದಿನವೂ ಅತಿ ಹೆಚ್ಚು ಜನ ನಿಂತುದು ಆ ಬರಿಯ ಜಾಗದ ಮುಂದೆ. ಕೆಲಸ ಪೂರ್ತಿಯಾಗಿಲ್ಲವೆಂದು ಕೆಲವರು ಭಾವಿಸಿದರು. ಹಳ್ಳಿಯಿಂದ ಬಂದ ಹೆಂಗಸರಿಗೆ ಮಾತ್ರ ಯಾರೂ ವಿವರಿಸಬೇಕಾಗಲಿಲ್ಲ.

ಹಲಗೆಯ ಮೇಲೆ ಏನು ಬರೆಯಬೇಕೆಂಬುದೂ ಇಷ್ಟೇ ತೂಕದ ಪ್ರಶ್ನೆ. ಕಟ್ಟೋಣದ ಇನ್ನೊಂದು ಭಾಗವಾಗಿ ನಾವು ಭೂಮಣ್ಣಿ ಬುಟ್ಟಿಗಳನ್ನಿಟ್ಟಿದ್ದೆವು. ಆಶ್ವಯುಜದ ಹುಣ್ಣಿಮೆಯನ್ನು ನಮ್ಮವರು ಭೂಮಿ ಹುಣ್ಣಿಮೆ ಎನ್ನುವರು. ತೆನೆ ತುಂಬುವ ಪೈರನ್ನು ಹೊತ್ತ ಭೂಮಿ ಆಗ ಬಸುರಿ. ನವರಾತ್ರಿ ಮುಗಿಯುವ ಹೊತ್ತಿಗೆ ಒಂದು ದೊಡ್ಡ, ಒಂದು ಸಣ್ಣ ಬುಟ್ಟಿಗೆ ಸಗಣಿ, ಕೆಮ್ಮಣ್ಣು ಬಳಿದು ಹೆಂಗಸರು ಅಕ್ಕಿಹಿಟ್ಟಿನಲ್ಲಿ ಚಿತ್ತಾರ ಬರೆಯುವರು. ಹುಣ್ಣಿಮೆಯ ರಾತ್ರಿ ಹಲವು ಬಗೆಯ ಸೊಪ್ಪುಗಳನ್ನು ಬೇಯಿಸಿ, ಬೆಳಗಾಗುವ ಮೊದಲು ಗಂಡಸರು ಬುಟ್ಟಿ ಹೊತ್ತು ಗದ್ದೆಗೆ ಹೋಗಿ ಚರಗ ಚೆಲ್ಲುವರು. ಬಸುರಿಗೆ ಬಯಕೆಯ ಊಟ ಅದು. ಬುಟ್ಟಿಯನ್ನು ಹೆಣೆದವರು ಮೇದರು, ಬರೆದವರು ದೀವರ ಹೆಂಗಸರು.

ಈ ಬುಟ್ಟಿಗಳಿಗೆ "ಮಲೆನಾಡಿನ ಜಾನಪದ ಕಲೆ" ಎಂಬ ಹಲಗೆ ಸಾಕೆಂದು ಒಂದು ಪಕ್ಷ. ಸಾಲದೆಂದು ನಾವು ಕೆಲವರು. ಏಕೆಂದರೆ ಬುಟ್ಟಿ ಹೊತ್ತವರು ಪೂಜಿಸಿದ ಗದ್ದೆ ಬಹುಕಾಲ ಅವರದಾಗಿರಲಿಲ್ಲ. ೧೯೫೧ರಲ್ಲಿ ನಮ್ಮ ತಾಲ್ಲೂಕಿನ ಕಾಗೋಡಿನಲ್ಲಿ ದೀವರ ಗೇಣಿದಾರರು ಗೇಣಿಯ ಭತ್ತ ಅಳೆಯುವ ಕೊಳಗದ ವಿಷಯವಾಗಿ ಎದ್ದು ನಿಂತರು. ರಾಮಮನೋಹರ ಲೋಹಿಯಾ ಅವರು ಬಂದು ಆ ಸತ್ಯಾಗ್ರಹದಲ್ಲಿ ಸೆರೆಯಾದರು. ಉಳುವವನಿಗೆ ಭೂಮಿ ದೊರೆಯುವ ಕಾನೂನು ಜಾರಿಗೆ ಬಂದುದು ೧೯೭೪ರ ಮಾರ್ಚಿನಲ್ಲಿ. ತನ್ನದಲ್ಲದ ಗದ್ದೆಗೂ ಬಯಕೆಯ ಬುಟ್ಟಿ ಹೊತ್ತವರ ಹೆಸರನ್ನು ಕಾಲೇಜಿನ ಹಲಗೆಯಾದರೂ ಬರೆಯಬೇಡವೆ? ಅಧ್ಯಾಪಕರು ನಮ್ಮ ಮಾತನ್ನು ಒಪ್ಪಿದರು. ಹೆಣೆದವರು ಯಾರು, ಬಳಿದವರು ಯಾರು, ಬರೆದವರು ಯಾರು, ಯಾವ ಊರು ಎಂಬುದನ್ನು ಅವರವರ ಒಪ್ಪಿಗೆ ಪಡೆದು ಬಿಳಿ ಕಾಗದದ ಮೇಲೆ ದೊಡ್ಡ ಅಕ್ಷರಗಳಲ್ಲಿ ಬರೆದು ಹಚ್ಚಿದೆವು. ಓದು ಬಾರದ ಒಬ್ಬ ಹೆಂಗಸು ಮಗನಿಂದ ಅದನ್ನು ಎರಡು ಸಲ ಓದಿಸಿಕೊಂಡರು.

ಉಳಿದ ಕೆಲಸಗಳನ್ನು ಕುರಿತು ಹೆಚ್ಚು ಹೇಳಬೇಕಾದುದಿಲ್ಲ. ಬಾಗಿಲಿಗೆ ಭತ್ತದ ತೆನೆಗಳನ್ನು ಹೆಣೆದ ತೋರಣ, ಚಪ್ಪರಕ್ಕೆ ಅಡಕೆಯ ದಬ್ಬೆ ಮತ್ತು ಸೋಗೆ. ಥರ್ಮೊಕೋಲು ಇಲ್ಲದೆ ಹಗುರವಾದ ಬಿಳಿಯ ವಸ್ತುವನ್ನು ಎಲ್ಲಿಂದ ತರುವುದೆಂದು ಕೇಳುವವರಿಗೆ ಬೆಂಡನ್ನು ತೋರಿಸಬಹುದು. ಸಾಗರ, ಸೊರಬದ ಗುಡಿಗಾರರು ಗಂಧದ ಕೆತ್ತನೆಗೆ ಪ್ರಸಿದ್ಧರಷ್ಟೆ. ಮದುವೆಯ ಬಾಸಿಂಗವನ್ನು ಬೆಂಡಿನಿಂದ ಮಾಡುವುದೂ ಅವರ ವಿದ್ಯೆಯೇ. ದೀಪದ ವಿಷಯದಲ್ಲಿ ಮಾತ್ರ ಎಚ್ಚರಿಕೆ ಬೇಕು. ಒಣ ಸೋಗೆ, ಹುಲ್ಲು, ತೆನೆ ಇರುವ ಕಡೆ ಹಣತೆ ಹಚ್ಚುವುದು ಎಷ್ಟೇ ಚೆಂದವಾದರೂ ಕೂಡದು. ಬಿಸಿಯಾಗದ ಸಣ್ಣ ವಿದ್ಯುದ್ದೀಪಗಳನ್ನು ಅಡಕೆಯ ಹಾಳೆಯ ಮರೆಯಲ್ಲಿಟ್ಟೆವು. ತಂತಿ ಹುಲ್ಲಿಗೆ ತಾಗದಂತೆ ಕಂಬದ ಹೊರಮೈಯಲ್ಲಿ ಎಳೆದೆವು. ಎರಡು ಕೊಳಗ ನೀರು, ಒಂದು ರಾಶಿ ಮರಳು ಪಕ್ಕದಲ್ಲಿಯೇ ಇತ್ತು.

ಉತ್ಸವ ಮುಗಿದ ಮರುದಿನ ಬಿಚ್ಚುವ ಕೆಲಸಕ್ಕೆ ಅರ್ಧ ದಿನ ಹಿಡಿಯಿತು. ಸೋಗೆ ಪಕ್ಕದ ಮನೆಯವರ ಕೊಟ್ಟಿಗೆಗೆ, ತೋರಣದ ಭತ್ತ ಗುಬ್ಬಿಗಳಿಗೆ ಹೋದುವು. ಬುಟ್ಟಿಗಳನ್ನು ಕೊಟ್ಟವರ ಮನೆಗೇ ಮುಟ್ಟಿಸಿದೆವು. ಬದಿಯ ಎರಡು ತಡಿಕೆಗಳ ಮಣ್ಣನ್ನು ನೆನೆಸಿ ಕಾಲೇಜಿನ ಹೂವಿನ ಪಾತಿಗೆ ಹಾಕಿದೆವು. ನಡುವಿನದನ್ನು ಬಿಚ್ಚಕೂಡದೆಂದು ಇತಿಹಾಸ ವಿಭಾಗದವರು ಕೇಳಿಕೊಂಡುದರಿಂದ ಅದು ಅವರ ಕೊಠಡಿಯ ಗೋಡೆಗೆ ಒರಗಿದೆ. ಮಳೆಗಾಲದ ತೇವಕ್ಕೆ ಅಕ್ಕಿಯ ಗೆರೆಗೆ ಬೂಸರು ಹಿಡಿಯುವ ಸಂಭವ ಉಂಟು. ಒಲೆಯ ಹೊಗೆಯಿರುವ ಮನೆಗಳಲ್ಲಿ ಈ ತೊಂದರೆ ಕಡಿಮೆ.

ಮುಂದಿನ ವರ್ಷ ಈ ಕೆಲಸ ವಹಿಸಿಕೊಳ್ಳುವವರಿಗೆ ಒಂದು ಸೂಚನೆ. ಈ ಸಲ ಪುಂಡಿಯ ನಾರು ನಮಗೆ ಎರಡೇ ಹಿಡಿ ದೊರೆಯಿತು; ಬೆಳೆಯುವವರು ಕಡಿಮೆಯಾಗಿದ್ದಾರೆ. ಅಜ್ಜಿ ಕೊಟ್ಟ ಬೀಜ ಗ್ರಂಥಾಲಯದ ಹಿಂದಿನ ಕೊಠಡಿಯಲ್ಲಿ ಡಬ್ಬಿಯೊಂದರಲ್ಲಿದೆ. ಮುಂಗಾರು ಹಿಡಿದೊಡನೆ ಅದನ್ನು ಪಾತಿಯ ಅಂಚಿಗೆ ಬಿತ್ತಬೇಕು. ಮಳೆ ಕಳೆದ ಮೇಲೆ ಕಡ್ಡಿಗಳನ್ನು ಕೊಯ್ದು ನೀರಿನಲ್ಲಿ ಕೊಳೆಯಿಸಿದರೆ ಎರಡು ಮೂರು ವಾರದಲ್ಲಿ ನಾರು ಬಿಡುತ್ತದೆ. ಅಜ್ಜಿಯ ಬಳಿಗೆ ತಾರೀಖು ನಿಶ್ಚಯಿಸುವ ಮೊದಲು ಹೋಗತಕ್ಕದ್ದು.